ಕತ್ತರಿ ಅಕ್ಕನ ಹನ್ನೆರಡು ದಿನ

"ಈ ನಾಲ್ಕು ತಟ್ಟೆ ಯಾರ್ದು?"

ಅಡುಗೆಮನೆಯ ಬಾಗಿಲು ಧಡಾರನೆ ತೆರೆದುಕೊಂಡಿತು. ಒಂದೊಂದು ಕೈಯಲ್ಲಿ ಎರಡೆರಡು ತಟ್ಟೆ ಹಿಡಿದು ಬಾಣಸಿಗ ಹೊರಗೆ ಬಂದು ನಿಂತಿದ್ದ. ಹಣೆಯ ಮೇಲೆ ಬೆವರು, ಕಣ್ಣಲ್ಲಿ ಕೆಂಡ!

ಹೋಟೆಲಿನಲ್ಲಿ ಕೂತಿದ್ದವರೆಲ್ಲ ಚಮಚ ಎತ್ತಿದ ಕೈ ಎತ್ತಿದಂತೆಯೇ ನಿಲ್ಲಿಸಿದರು.

ಕಿಟಕಿ ಪಕ್ಕದ ಮೇಜಿನಲ್ಲಿ ಒಬ್ಬಳೇ ಕೂತಿದ್ದ ಹೆಂಗಸು ಮಾತ್ರ ನಿಧಾನವಾಗಿ ಬಾಯಿ ಒರೆಸಿಕೊಂಡಳು.

"ನಂದು. ಯಾಕೆ?"

"ಯಾಕೆ ಅಂತೀರಾ? ಸೂಪು ಅರ್ಧ, ಮೀನು ಅರ್ಧ, ಅಣಬೆ ಅರ್ಧ, ಅನ್ನ ಅರ್ಧ! ಏನಾಗಿತ್ತು ನನ್ನ ಅಡುಗೆಗೆ? ಉಪ್ಪು ಜಾಸ್ತಿನಾ? ಹುಳ ಬಿದ್ದಿತ್ತಾ?"

"ಏನೂ ಆಗಿರ್ಲಿಲ್ಲ. ಚೆನ್ನಾಗಿತ್ತು."

"ಚೆನ್ನಾಗಿದ್ರೆ ಯಾರಾದ್ರೂ ಬಿಡ್ತಾರಾ?"

"ಇರೋದು ಒಂದೇ ಹೊಟ್ಟೆ ಆದ್ರೆ ಬಿಡ್ತಾರೆ!" ಅವಳು ಕುರ್ಚಿ ಹಿಂದೆ ಸರಿಸಿ ಎದ್ದು ನಿಂತಳು. "ಆ ಮೇಜು ನೋಡಿ. ಗಂಡ ಹೆಂಡ್ತಿ ಬಂದಿದ್ದಾರೆ. ನಾಲ್ಕು ಬಗೆ ತರಿಸ್ಕೊಂಡ್ರು, ಹಂಚ್ಕೊಂಡು ತಿಂತಿದ್ದಾರೆ. ಅವರಿಗೆ ನಾಲ್ಕು ರುಚಿ. ನಾನು ಒಬ್ಬಳೇ ಬಂದಿದೀನಿ ಅಂತ ನಂಗೆ ಒಂದೇ ರುಚಿನಾ? ನಿಮ್ಮ ಒಂದು ತಟ್ಟೆ ಮೂಟೆ ಹೊರೋ ಆಳಿಗೆ ಸಾಲೋಷ್ಟಿದೆ. ಎರಡೂವರೆ ಗಂಟೆ ಬಸ್ಸಲ್ಲಿ ಕೂತು ಬಂದಿದ್ದು ಒಂದು ಬಟ್ಟಲು ಸೂಪು ಕುಡಿದು ಹೋಗೋಕಲ್ಲ!"

ಬಾಣಸಿಗ ಗಂಡ ಹೆಂಡತಿಯ ಮೇಜು ನೋಡಿದ, ಕೈಯಲ್ಲಿದ್ದ ತಟ್ಟೆ ನೋಡಿದ.

ಗಲ್ಲಾದ ಮೇಲೆ ಕೂತಿದ್ದ ಅವನ ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ತಮ್ಮನ ಬಾಯಿ ಮುಚ್ಚಿಸುವ ಹೆಣ್ಣನ್ನು ಅವಳು ಇಷ್ಟು ವರ್ಷದಲ್ಲಿ ಕಂಡಿರಲಿಲ್ಲ.

"ಅರ್ಧ ತಟ್ಟೆ ಅಂತ ಮಾಡಿ ಕೊಡಿ," ಎಂದಳು ಕಿಟಕಿ ಪಕ್ಕದ ಹೆಂಗಸು, ಚೀಲ ಹೆಗಲಿಗೇರಿಸುತ್ತ. "ನೆಕ್ಕಿ ಕಳಿಸ್ಲಿಲ್ಲ ಅಂದ್ರೆ ಆಗ ಬಂದು ಕೇಳಿ."

ಹೇಳಿ ಹೊರಟೇಹೋದಳು.

ಬಾಣಸಿಗ ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತಿದ್ದ. ಅವನಿಗೊಂದು ಅಭ್ಯಾಸವಿತ್ತು. ಹೊರಗಿನಿಂದ ವಾಪಸು ಬರುವ ಒಂದೊಂದು ತಟ್ಟೆಯೂ ತೊಳೆಯುವ ತೊಟ್ಟಿಗೆ ಹೋಗುವ ಮುನ್ನ ಅವನ ಕಣ್ಣ ಮುಂದೆ ಹಾದುಹೋಗಬೇಕು. ವೈದ್ಯ ನಾಡಿ ಹಿಡಿದು ನೋಡಿದ ಹಾಗೆ ಅವನು ತಟ್ಟೆ ನೋಡುತ್ತಿದ್ದ. ಯಾರು ಅವಸರದಲ್ಲಿ ತಿಂದರು, ಯಾರು ಜಗಳವಾಡಿಕೊಂಡು ತಿಂದರು, ಯಾರಿಗೆ ಹಲ್ಲುನೋವು, ಎಲ್ಲ ಹೇಳುತ್ತಿದ್ದ. ಹದಿನಾರು ವರ್ಷದಲ್ಲಿ ಮೊದಲ ಸಲ ಅವನ ಲೆಕ್ಕ ತಪ್ಪಿತ್ತು.

*

ಒಬ್ಬಳೇ ಕೂತು ಉಣ್ಣುವ ಹೆಂಗಸನ್ನು ಕಂಡರೆ ಈ ಲೋಕಕ್ಕೆ ಅದೇನು ಕರುಣೆ ಉಕ್ಕಿ ಬರುತ್ತದೋ! ಗಂಡಸು ಒಬ್ಬನೇ ಉಂಡರೆ ಹಸಿವು, ಹೆಂಗಸು ಒಬ್ಬಳೇ ಉಂಡರೆ ದುಃಖ. ಹಾಗಂತ ಬರೆದಿಟ್ಟವರು ಯಾರು?

ಅವಳಿಗೆ ನಲವತ್ತೆರಡು. ಆಸ್ಪತ್ರೆಗಳಿಗೆ, ಶಾಲೆಗಳಿಗೆ ಸಮವಸ್ತ್ರ ಹೊಲಿದುಕೊಡುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಕೆಲಸ. ನಲವತ್ತು ಪದರ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ, ಒಂದೇ ಸಲಕ್ಕೆ, ಒಂದು ನೂಲು ಆಚೀಚೆ ಆಗದಂತೆ ಕತ್ತರಿಸುವವಳು. ಹೊಲಿಗೆ ಹೆಣ್ಣುಮಕ್ಕಳು ಅವಳನ್ನು 'ಕತ್ತರಿ ಅಕ್ಕ' ಎನ್ನುತ್ತಿದ್ದರು. ಕೆಲಸಕ್ಕೂ ಆ ಹೆಸರು ಸರಿ, ನಾಲಿಗೆಗೂ ಸರಿ.

ತಂದೆ ಹೋದ ಮೇಲೆ ತಮ್ಮಂದಿರನ್ನು ಓದಿಸಿ, ಮದುವೆ ಮಾಡಿ ಮುಗಿಸುವಷ್ಟರಲ್ಲಿ ತನ್ನ ಮದುವೆಯ ವಯಸ್ಸು ಯಾವ ದಾರಿಯಲ್ಲಿ ಹೋಯಿತೋ ಅವಳಿಗೇ ಗೊತ್ತಾಗಲಿಲ್ಲ. ಮೂವತ್ತಾರನೇ ವಯಸ್ಸಿನಲ್ಲಿ ಒಂದು ದಿನ ಹಸಿದು ಹೋಟೆಲಿಗೆ ಹೋದವಳು, ಒಬ್ಬಳೇ ಕೂರಲು ಧೈರ್ಯ ಸಾಲದೆ ಪೊಟ್ಟಣ ಕಟ್ಟಿಸಿಕೊಂಡು ಬಂದಿದ್ದಳು. ಬಸ್‌ಸ್ಟ್ಯಾಂಡಿನ ಕಂಬಕ್ಕೆ ಒರಗಿ ನಿಂತು ತಿಂದಿದ್ದಳು.

'ಕಳ್ಳಿ ಹಾಗೆ ತಿಂತಿದೀನಲ್ಲ... ದುಡಿದು ತಿನ್ನೋಳು ನಾನು!'

ಆವತ್ತಿನಿಂದ ಹಟ ಹಿಡಿದು ಕಲಿತಳು. ಮೊದಲು ಚಹಾ. ಆಮೇಲೆ ತಿಂಡಿ. ಆಮೇಲೆ ಊಟ. ಆಮೇಲೆ ಪಕ್ಕದ ಊರು, ಅದರಾಚೆಯ ಊರು. ಈಗ ತಿಂಗಳಿಗೆ ಎರಡು ಶನಿವಾರ ರಜೆ ಸಿಕ್ಕರೆ ಸಾಕು, ಸಿಕ್ಕ ಬಸ್ಸು ಹತ್ತುತ್ತಿದ್ದಳು. ಕಿಟಕಿ ಸೀಟು, ಗೊತ್ತಿಲ್ಲದ ಬೀದಿ, ಯಾರೂ ತನ್ನನ್ನು ಅಕ್ಕಾ ಎಂದು ಕರೆಯದ ಎಂಟು ಗಂಟೆ... ಅದರ ರುಚಿ ಗೊತ್ತಿದ್ದವರಿಗೇ ಗೊತ್ತು.

"ಮನೇಲಿ ಒಲೆ ಇಲ್ವೇನೇ?" ಎಂದು ಅಮ್ಮ ಪ್ರತಿ ಸಲ ಕೇಳುತ್ತಿದ್ದಳು.

"ಒಲೆ ಇದೆ. ಅದರ ಮುಂದೆ ಯಾವಾಗ್ಲೂ ನಾನೇ ಇರ್ತೀನಲ್ಲಮ್ಮ, ಅದಕ್ಕೇ ಹೋಗೋದು."

ಹದಿನೈದು ದಿನ ಬಿಟ್ಟು ಅದೇ ಹೋಟೆಲಿಗೆ ಅವಳ ಕಾಲು ತಾನಾಗಿಯೇ ಬಂದಿತು. ಬಾಗಿಲಲ್ಲೇ ನಿಂತುಬಿಟ್ಟಳು. ಗಲ್ಲಾದ ಹಿಂದೆ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು: 'ಒಬ್ಬರೇ ಬಂದವರಿಗೆ: ನಾಲ್ಕು ಬಗೆ, ಅರ್ಧರ್ಧ.'

ಅವಳು ಕೂತು ನಾಲ್ಕೂ ಬಗೆ ತರಿಸಿಕೊಂಡು ತಿಂದಳು. ತಟ್ಟೆಗಳು ಒಳಗೆ ಹೋದವು. ಒಂದು ನಿಮಿಷದಲ್ಲಿ ಬಾಣಸಿಗ ಹೊರಗೆ ಬಂದ.

"ಇದನ್ನ ತೊಳೀಬೇಕಾ, ಹಾಗೇ ಎತ್ತಿಡ್ಲಾ?"

"ನೆಕ್ಕಿ ಕಳಿಸ್ತೀನಿ ಅಂದಿದ್ನಲ್ಲ." ಅವಳು ನಗು ಅಡಗಿಸಿದಳು. "ಆದ್ರೆ ಮೀನಿಗೆ ನಿಂಬೆಹುಳಿ ಸಾಲದು."

"ಸಾಲದಾ!"

"ಸಾಲದು. ಇನ್ನೊಂದು, ನಿಮ್ಮ ಅಡುಗೆ ಕೋಟಿನ ತೋಳು ಕತ್ತರಿಸಿದವನಿಗೆ ಕಣ್ಣಿರಲಿಲ್ಲ. ನೀವು ಕೈ ಎತ್ತಿದ್ರೆ ಬೆನ್ನೂ ಜೊತೆಗೆ ಮೇಲೆ ಬರುತ್ತೆ. ಸೌಟು ತಿರುಗಿಸೋರಿಗೆ ಕಂಕುಳಲ್ಲಿ ಜಾಗ ಬಿಡಬೇಕು."

ಮುಂದಿನ ಸಲ ಬರುವಾಗ ಒಂದು ಬಿಳಿ ಕೋಟು ತಂದಳು. ಅಳತೆ ತೆಗೆದಿರಲಿಲ್ಲ, ಕಣ್ಣಳತೆಯಲ್ಲೇ ಕತ್ತರಿಸಿದ್ದಳು. ಅವನು ತೊಟ್ಟು ಕೈ ಎತ್ತಿದ. ಇಳಿಸಿದ. ಮತ್ತೆ ಎತ್ತಿದ.

"ಏಯ್, ಸಾಕು ಬಿಡೋ, ಕವಾಯತು ಮಾಡ್ತೀಯಾ?" ಎಂದಳು ಅವನ ಅಕ್ಕ.

ಹೀಗೆ ಎಂಟು ತಿಂಗಳು. ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿದೆ ಎಂದು ಅವನು ಹೇಳಿದ್ದ. ಇನ್ನೊಂದು ವಿಷಯವನ್ನೂ ಹೇಳಿದ್ದ. ಈ ಹೋಟೆಲು ತೆರೆದ ಮೇಲೆ ಅವನು ಬೇರೆ ಹೋಟೆಲಿನಲ್ಲಿ ಒಂದು ಸಲವೂ ಕೂತು ಉಂಡಿರಲಿಲ್ಲ.

"ಬೇರೆಯವರ ಮೇಜಿನ ಮುಂದೆ ಕೂತ್ರೆ ನಂಗೆ ಕೈ ಎಲ್ಲಿ ಇಡಬೇಕೋ ಗೊತ್ತಾಗಲ್ಲ," ಎಂದಿದ್ದ. "ಅಪ್ಪ ಅಡುಗೆಯವನು, ಅಜ್ಜ ಅಡುಗೆಯವನು. ನಮ್ಮ ಮನೆತನದಲ್ಲಿ ಬಡಿಸಿಸ್ಕೊಂಡು ಉಂಡವರೇ ಇಲ್ಲ."

ಆವತ್ತು ಬಸ್ಸಿನಲ್ಲಿ ವಾಪಸು ಬರುವಾಗ ಅವಳು ಆ ಮಾತನ್ನೇ ನೆನೆಯುತ್ತಿದ್ದಳು. 'ಪಾಪ... ನಾನು ಒಂದು ದಿನ ಬಡಿಸಿದರೆ?' ಅನಿಸಿತು. ಅನಿಸಿದ್ದಕ್ಕೆ ತನ್ನ ಮೇಲೆ ತನಗೇ ಸಿಟ್ಟು ಬಂತು. ಸಿಟ್ಟಿನ ಕೆಳಗೆ ಬೆಚ್ಚಗೆ ಇನ್ನೇನೋ ಇತ್ತು.

*

ಕಾರ್ಖಾನೆಯನ್ನು ಹೊಸ ಕಟ್ಟಡಕ್ಕೆ ಸಾಗಿಸುತ್ತಿದ್ದರು. ಹನ್ನೆರಡು ದಿನ ರಜೆ! ಇಪ್ಪತ್ತು ವರ್ಷದಲ್ಲಿ ಅಂಥ ರಜೆ ಅವಳು ಕಂಡಿರಲಿಲ್ಲ.

"ರೈಲಲ್ಲಿ ಹೋಗ್ತೀನಿ," ಎಂದು ಬಾಣಸಿಗನಿಗೆ ಹೇಳುವಾಗ ಅವಳ ಕಣ್ಣು ಮಿಂಚುತ್ತಿತ್ತು. "ಮೊದಲು ದೀಪಸ್ತಂಭದ ಊರು. ಆಮೇಲೆ ಗಡಿಯಾರದ ಗೋಪುರ ಇದೆಯಲ್ಲ, ಆ ಊರು. ಆಮೇಲೆ ಉದ್ದದ ಸೇತುವೆ. ಕೊನೆಗೆ ಬೆಟ್ಟದ ಮೇಲಿನ ಕೆರೆ. ಒಂದೊಂದು ಊರಲ್ಲಿ ಮೂರು ಮೂರು ದಿನ. ಬೇಕಾದಷ್ಟು ನಡೀತೀನಿ, ಬೇಕಾದ್ದು ತಿಂತೀನಿ!"

"ಜೊತೆಗೆ ಯಾರು?"

"ಚೀಲ."

ಅವನು ನಗಲಿಲ್ಲ. ಊರುಗಳ ಹೆಸರನ್ನೆಲ್ಲ ಆರ್ಡರ್ ಬರೆಯುವ ಚೀಟಿಯ ಬೆನ್ನಿಗೆ ಬರೆದುಕೊಂಡ.

"ಅದ್ಯಾಕೆ?"

"ಸುಮ್ನೆ. ಈಗ ಎಲ್ಲಿರಬಹುದು ಅಂತ ನೋಡ್ಕೊಳ್ಳೋಕೆ."

ಅವಳು ಹೊರಡಲು ಎತ್ತಿದ ಚೀಲವನ್ನು ಮತ್ತೆ ಕೆಳಗಿಟ್ಟಳು. "ಇನ್ನೇನಾದ್ರೂ ಹೇಳೋದಿತ್ತಾ?"

ಅವನು ಚೀಟಿಯನ್ನು ಎರಡು ಸಲ ಮಡಿಸಿದ. ಅಡುಗೆಮನೆಯಿಂದ ಹಾಲು ಉಕ್ಕಿದ ವಾಸನೆ ಬಂತು.

"ತಿರುಗಿ ಬಂದ್ಮೇಲೆ ಹೇಳ್ತೀನಿ," ಎಂದವನೇ ಒಳಗೆ ಓಡಿದ.

ದೀಪಸ್ತಂಭದ ಊರಿನಲ್ಲಿ ಮೊದಲ ದಿನವೇ ಆಶ್ಚರ್ಯ! ಹೆಸರುವಾಸಿ ಹೋಟೆಲಿನ ಬಾಗಿಲಿಗೆ ಹೋಗುತ್ತಿದ್ದಂತೆ ಸರ್ವರು ಬಾಗಿ ಕರೆದ. ಸಮುದ್ರ ಕಾಣುವ ಮೇಜು. ಸಾಮಾನ್ಯವಾಗಿ ಒಬ್ಬಳೇ ಹೋದರೆ ಎಲ್ಲ ಕಡೆಯೂ ಕೈ ತೊಳೆಯುವ ಬೇಸಿನ್ ಪಕ್ಕದ ಮೂಲೆಯೇ ಗತಿ. ಜಗಳವಾಡಿ ಕಿಟಕಿ ಗಿಟ್ಟಿಸಬೇಕು. ಇಲ್ಲಿ ಕೇಳುವ ಮೊದಲೇ ಸಿಕ್ಕಿತು.

'ನಾನು ನಡೆದು ಬರೋ ರೀತಿನೇ ಬದಲಾಗಿರ್ಬೇಕು,' ಅಂದುಕೊಂಡಳು. ಬೆನ್ನು ಇನ್ನಷ್ಟು ನೆಟ್ಟಗಾಯಿತು.

ಗಡಿಯಾರದ ಊರಿನಲ್ಲಿ ಅಡುಗೆಯವನೇ ಹೊರಗೆ ಬಂದು, ಕೇಳದಿದ್ದ ಒಂದು ಬಟ್ಟಲು ಹುರಿದ ಕುಂಬಳಕಾಯಿ ಇಟ್ಟುಹೋದ. "ನಿಮ್ಮಂಥವರು ಬಂದ್ರೆ ನಮಗೆ ಸಂತೋಷ," ಎಂದ. ನಿಮ್ಮಂಥವರು! ಆ ಸಂಜೆ ಅವಳು ಗೋಪುರದ ಸುತ್ತ ಮೂರು ಸುತ್ತು ನಡೆದಳು. ಬಸ್‌ಸ್ಟ್ಯಾಂಡಿನ ಕಂಬಕ್ಕೆ ಒರಗಿ ತಿಂದ ಆ ಹೆಂಗಸು ಈಗ ಎದುರಿಗೆ ಬಂದರೆ, 'ನೋಡೇ, ನೋಡು ನನ್ನ!' ಎನ್ನುತ್ತಿದ್ದಳು.

ಏಳನೆಯ ದಿನ, ಸೇತುವೆಯ ಊರು. ಮಧ್ಯಾಹ್ನದ ಊಟ. ನದಿಯ ಕಡೆಗೆ ತೆರೆದ ಜಗಲಿ, ಅಲ್ಲಿ ಒಂದೇ ಒಂದು ಮೇಜು, ಮೇಜಿನ ಮೇಲೆ ಹೂವು. ಹೋಟೆಲಿನ ಮಾಲೀಕ ಕೈಮುಗಿದು ನಿಂತಿದ್ದ.

"ಊಟ ಹೇಗಿದೆಯಮ್ಮಾ? ಏನೂ ಕಮ್ಮಿ ಆಗಿಲ್ಲ ತಾನೆ? ಕಮ್ಮಿ ಆದ್ರೆ ನಮ್ಮ ಗೆಳೆಯ ನನ್ನ ಚರ್ಮ ಸುಲೀತಾನೆ."

"ಯಾವ ಗೆಳೆಯ?"

"ಅವರೇ, ನಿಮ್ಮವರು! ನಾವಿಬ್ರೂ ಒಂದೇ ಅಡುಗೆಮನೇಲಿ ಕೆಲಸ ಕಲಿತೋರು. ಹೋದ ವಾರವೇ ಫೋನ್ ಬಂದಿತ್ತು. ಒಬ್ಬರೇ ಹೆಂಗಸು, ಬೂದು ಚೀಲ, ಕಿಟಕಿ ಪಕ್ಕದ ಮೇಜು ಕೇಳ್ತಾರೆ, ಕೇಳೋ ಮುಂಚೆನೇ ಕೊಡು ಅಂತ. ಮೂರೂ ಊರಿಗೆ ಮಾಡಿದ್ದಾನಂತೆ. ಬೆಟ್ಟದೂರಿಗೂ ಹೇಳಿದ್ದಾನೆ, ನೀವು ಯೋಚನೆ ಮಾಡ್ಬೇಡಿ!" ಎಂದು ಅವನು ತನ್ನ ಹೋಟೆಲಿನ ಚೀಟಿಯನ್ನೂ ಅವಳ ಕೈಗಿಟ್ಟ. "ಏನು ಬೇಕಾದ್ರೂ ಈ ನಂಬರಿಗೆ ಫೋನ್ ಮಾಡಿ."

ಅವಳ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

ಸಮುದ್ರದ ಮೇಜು... ಕುಂಬಳಕಾಯಿ... ನಿಮ್ಮಂಥವರು... ಯಾವುದೂ ತನ್ನದಲ್ಲ. ಯಾವುದೂ!

ಬೀದಿಗೆ ಬಂದು ಫೋನ್ ಮಾಡಿದಳು. ಬಾಣಸಿಗ ಎತ್ತಿದ. ಹಿಂದೆ ಬಾಣಲೆಯ ಸದ್ದು.

"ಎಲ್ಲಿದ್ದೀರಿ? ಚೆನ್ನಾಗಿದೀರಾ?"

"ನಿಮಗೆ ಗೊತ್ತಿಲ್ವಾ? ವರದಿ ಬಂದಿಲ್ವಾ ಇನ್ನೂ?"

ಬಾಣಲೆ ಸುಮ್ಮನಾಯಿತು.

"ನಾನು... ನಿಮಗೆ ತೊಂದ್ರೆ ಆಗ್ಬಾರ್ದು ಅಂತ..."

"ತೊಂದ್ರೆ! ತೊಂದ್ರೆ ಬೇಕಾಗಿತ್ತು ನಂಗೆ! ಮೂಲೇಲಿ ಕೂರಿಸಿದ್ರೆ ಜಗಳ ಆಡಿ ಎದ್ದು ಬರೋಳು ನಾನು. ಆರು ವರ್ಷ ಕಲಿತಿದೀನಿ ಅದನ್ನ. ಲೋಕ ನಂಗೆ ಜಾಗ ಬಿಡ್ತು ಅಂತ ಆರು ದಿನ ಹಿಗ್ಗಿದೆನಲ್ರೀ... ಲೋಕ ಅಲ್ಲ, ನಿಮ್ಮ ಫೋನು! ಮಗೂನ ಅಂಗಡಿಗೆ ಕಳಿಸಿ ಹಿಂದೆ ಹಿಂದೆ ಬಂದ ಹಾಗೆ ಬಂದ್ರಲ್ಲ ನನ್ನ ಹಿಂದೆ!"

"ಭಯ ಆಯ್ತು ನಂಗೆ."

"ನಿಮ್ಮ ಭಯ ನೀವು ಇಟ್ಕೊಳ್ಳಿ. ನನ್ನ ಪ್ರಯಾಣದ ಮೇಲೆ ಯಾಕೆ ಸುರೀತೀರಿ?"

ಫೋನು ಇಟ್ಟಳು. ಇಟ್ಟದ್ದಲ್ಲ, ಬಂದ್ ಮಾಡಿ ಚೀಲದ ತಳಕ್ಕೆ ನೂಕಿದಳು. ಕಣ್ಣು ಉರಿಯುತ್ತಿತ್ತು. ಅಳು ಅಲ್ಲ ಅದು. ಅಳುವೇ ಆಗಿದ್ದರೂ ಅವಳು ಒಪ್ಪುತ್ತಿರಲಿಲ್ಲ.

ಬೆಟ್ಟದ ಊರಿನ ರೈಲನ್ನು ಬಿಟ್ಟಳು. ಎದುರು ಪ್ಲಾಟ್‌ಫಾರಂನಲ್ಲಿ ನಿಂತಿದ್ದ, ಎಲ್ಲಿಗೆ ಹೋಗುತ್ತದೆಂದು ಕೇಳದ ರೈಲು ಹತ್ತಿದಳು.

ಇಳಿದದ್ದು ಒಂದು ಸಣ್ಣ ಊರು. ಗಾಜಿನ ಕಾರ್ಖಾನೆ, ಒಂದು ಉದ್ದನೆಯ ಬೀದಿ, ಎರಡು ಹೋಟೆಲು. ಒಳಗೆ ಹೋದರೆ ಸರ್ವರು ತಲೆ ಎತ್ತದೆ ಬೇಸಿನ್ ಪಕ್ಕದ ಸ್ಟೂಲು ತೋರಿಸಿದ.

ಅವಳಿಗೆ ಎಂಥ ಸಂತೋಷವಾಯಿತು ಎಂದರೆ!

"ಅಲ್ಲಿ ಕೂರಲ್ಲ. ಆ ಮೇಜು ಖಾಲಿ ಇದೆ."

"ಅದು ನಾಲ್ಕು ಜನಕ್ಕೆ."

"ನಾಲ್ಕು ಜನ ಬಂದಾಗ ಏಳ್ತೀನಿ. ಬಂದಿಲ್ವಲ್ಲ?"

ಸರ್ವರು ಅವಳ ಮುಖ ನೋಡಿದ. ಮೇಜು ಒರೆಸಿದ. ಬೆಣ್ಣೆಯಲ್ಲಿ ಹುರಿದ ಮೊಟ್ಟೆ, ಕಾದ ಬ್ರೆಡ್ಡು, ಕಪ್ಪು ಚಹಾ ಬಂತು. ಎಷ್ಟು ರುಚಿ! ಗೆದ್ದ ಊಟಕ್ಕೆ ಇರುವ ರುಚಿ ಕೊಟ್ಟ ಊಟಕ್ಕೆ ಎಲ್ಲಿಂದ ಬರಬೇಕು?

ಐದು ದಿನ ಅಲ್ಲೇ ಇದ್ದಳು. ಗಾಜು ಊದುವವರನ್ನು ಬಾಗಿಲಲ್ಲಿ ನಿಂತು ನೋಡಿದಳು. ಬೀದಿಯ ಕೊನೆಯವರೆಗೆ ನಡೆದಳು, ತಿರುಗಿದಳು, ಮತ್ತೆ ನಡೆದಳು. ಖುಷಿಯಾಗಿಯೇ ಇದ್ದಳು. ಆದರೆ ಸಿಟ್ಟು ಮಾತ್ರ ಅವಳ ಜೊತೆಗೇ ಬಂದು ದಿನಾ ಎದುರು ಕುರ್ಚಿಯಲ್ಲಿ ಕೂರುತ್ತಿತ್ತು. ಸಿಟ್ಟಿಗೆ ಬಿಳಿ ಕೋಟು ಇತ್ತು. ಅದು ಅವಳ ಚಹಾ ಆರುವವರೆಗೂ ಏಳುತ್ತಿರಲಿಲ್ಲ.

'ಮುಖಕ್ಕೆ ಮುಖ ಕೊಟ್ಟು ಹೇಳಿ ಮುಗಿಸ್ತೀನಿ,' ಎಂದು ತೀರ್ಮಾನಿಸಿದಳು. 'ನನ್ನ ಒಬ್ಬಳೇ ಬಿಡೋಕೆ ಆಗದವನು ನಂಗೆ ಬೇಡ.'

*

ಹನ್ನೆರಡನೆಯ ದಿನ ಮಧ್ಯಾಹ್ನ ಹೋಟೆಲಿನ ಮುಂದೆ ಬಂದು ನಿಂತರೆ ಬಾಗಿಲಿಗೆ ಹಲಗೆ: 'ಅಡುಗೆಯವರು ಊರಲ್ಲಿಲ್ಲ.'

ಬಾಣಸಿಗನ ಅಕ್ಕ ಒಳಗೆ ಒಬ್ಬಳೇ ಕೂತು ಚಮಚ ಉಜ್ಜುತ್ತಿದ್ದಳು.

"ಬಂದ್ಯಾ ತಾಯಿ? ಬಾ. ಬೈಯೋಕೆ ಬಂದಿದೀಯ ಅಂತ ಮುಖ ನೋಡಿದ್ರೇ ಗೊತ್ತಾಗುತ್ತೆ. ಬೈಸ್ಕೊಳ್ಳೋನೇ ಇಲ್ಲ."

"ಎಲ್ಲಿ?"

"ಗೊತ್ತಿಲ್ಲ. ಹೋಗಿ ನಾಲ್ಕು ದಿನ ಆಯ್ತು. ನೀನು ಫೋನಲ್ಲಿ ಬೈದ ದಿನ ಕೋಳಿ ಸುಟ್ಟು ಕರ್ರಗಾಯ್ತು. ನಾನೂ ಬಿಡ್ಲಿಲ್ಲ. ಅಲ್ಲಾ ಕಣೋ, ಅವಳು ಒಬ್ಬಳೇ ಉಣ್ಣೋದು ಏನು ಅಂತ ನಿಂಗೆ ಗೊತ್ತಾ? ಬೇರೆಯವರ ಮೇಜಲ್ಲಿ ಒಂದು ದಿನ ಕೂತಿದೀಯಾ? ಕೂತು ಗೊತ್ತಿಲ್ದೋನು ಮೇಜು ಕಾದಿರಿಸೋಕೆ ಹೋದ್ನಂತೆ! ಅಂದೆ. ಎರಡು ದಿನ ಮಾತಾಡ್ಲಿಲ್ಲ. ಮೂರನೇ ದಿನ ಕೋಟು ತೆಗೆದಿಟ್ಟು, ಒಬ್ಬನೇ ಹೋಗಿ ಉಂಡು ಬರ್ತೀನಿ ಅಂತ ಹೊರಟ. ಪರಿಚಯದ ಊರು ಯಾವ್ದೂ ಬೇಡ ಅಂದ. ಫೋನೂ ಒಯ್ದಿಲ್ಲ. ಇವತ್ತು ನಾಲ್ಕು ಗಂಟೆ ಬಸ್ಸಿಗೆ ಬರ್ತೀನಿ ಅಂದಿದ್ದಾನೆ."

ಕತ್ತರಿ ಅಕ್ಕ ಕೂತಳು. ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಬಾಯಲ್ಲೇ ಇದ್ದವು.

ನಾಲ್ಕು ಗಂಟೆಯ ಬಸ್ಸು ಬಂತು. ಇಬ್ಬರು ಇಳಿದರು. ಅವನಲ್ಲ.

"ಐದಕ್ಕೆ ಇನ್ನೊಂದಿದೆ," ಎಂದಳು ಅಕ್ಕ.

ಐದು ಗಂಟೆಯ ಬಸ್ಸೂ ಬಂತು. ಅವನಿಲ್ಲ.

'ಬರದೆ ಏನು, ಚಿಕ್ಕ ಮಗುವಾ?'

ಐದೂಕಾಲು. 'ದಾರಿ ಗೊತ್ತಿಲ್ಲ ಅವನಿಗೆ. ಹದಿನಾರು ವರ್ಷ ಅಡುಗೆಮನೆ ಬಿಟ್ಟು ಹೊರಗೆ ಬಂದೋನಲ್ಲ...'

ಐದೂವರೆ. 'ಫೋನ್ ಆದರೂ ತಗೊಂಡು ಹೋಗೋಕೆ ಏನಾಗಿತ್ತು? ಎಲ್ಲಿ ಹೊಟ್ಟೆ ಕೆಟ್ಟು ಬಿದ್ದಿದ್ದಾನೋ! ಯಾರು ನೋಡ್ಕೋತಾರೆ?'

ಅವಳ ಕೈ ಚೀಲದೊಳಗೆ ಹೋಯಿತು. ಸೇತುವೆ ಊರಿನ ಮಾಲೀಕ ಕೊಟ್ಟ ಚೀಟಿ ಸಿಕ್ಕಿತು. ಅವನಿಗೆ ಎಲ್ಲ ಊರಿನ ಅಡುಗೆಯವರೂ ಗೊತ್ತು. ಒಂದು ಮಾತು ಹೇಳಿದರೆ ಹತ್ತು ಕಡೆ ವಿಚಾರಿಸುತ್ತಾನೆ. ನಲವತ್ತಾರರ ಗಂಡಸು, ಒಬ್ಬರೇ ಇರ್ತಾರೆ, ಸ್ವಲ್ಪ ನೋಡ್ಕೊಳ್ಳಿ...

ಅರ್ಧ ನಂಬರು ಒತ್ತಿದ್ದಳು. ಬೆರಳು ಗಾಳಿಯಲ್ಲಿ ನಿಂತಿತು.

ತಲೆಯೆತ್ತಿದರೆ ಅಕ್ಕ ಚಮಚ ಉಜ್ಜುವುದನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದಳು.

"ಮಾಡಮ್ಮ, ಮಾಡು," ಎಂದಳು ಮೆಲ್ಲಗೆ. "ಯಾಕೆ ನಿಲ್ಲಿಸ್ಬಿಟ್ಟೆ?"

ಅವಳು ಫೋನನ್ನು ಮೇಜಿನ ಮೇಲೆ ಮಗುಚಿ ಹಾಕಿದಳು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ನಗುತ್ತ ನಗುತ್ತ ಬೆರಳುಗಳ ನಡುವೆ ಒದ್ದೆಯಾಯಿತು.

"ಇದಾ ಅವರಿಗೆ ಆಗಿದ್ದು? ಹನ್ನೆರಡು ದಿನಾನೂ ಹಿಂಗೇನಾ?"

"ಇಲ್ಲಿ ಇದ್ದಷ್ಟು ದಿನಾನೂ. ನಿಂಗೆ ಒಂದೂವರೆ ಗಂಟೆಗೇ ಹಿಂಗಾಯ್ತು."

ಆಮೇಲೆ ಅವಳು ಆ ಫೋನನ್ನು ಮುಟ್ಟಲಿಲ್ಲ. ಮುಟ್ಟದೆ ಕೂರುವುದು ನಲವತ್ತು ಪದರ ಬಟ್ಟೆ ಕತ್ತರಿಸುವುದಕ್ಕಿಂತ ಕಷ್ಟವಿತ್ತು.

ಆರು ಗಂಟೆಗೆ, ಬಸ್ಸು ಯಾವುದೂ ಬರದ ಹೊತ್ತಿನಲ್ಲಿ, ಮುಖವೆಲ್ಲ ಬಿಸಿಲಿಗೆ ಕೆಂಪಾದ ಒಬ್ಬ ಮನುಷ್ಯ ನಡೆದು ಬಂದ. ಅವಳನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟ.

"ಬಸ್ಸು?" ಎಂದಳು ಅವಳು.

"ಎರಡು ಸ್ಟಾಪ್ ಮುಂಚೆನೇ ಇಳ್ಕೊಂಡೆ. ಬೀದಿ ಚೆನ್ನಾಗಿತ್ತು... ನಡೀಬೇಕು ಅನ್ನಿಸ್ತು."

ಅವಳಿಗೆ ಆ ಉತ್ತರ ಚೆನ್ನಾಗಿ ಗೊತ್ತಿತ್ತು. ಅಮ್ಮನಿಗೆ ಅವಳು ನೂರು ಸಲ ಹೇಳಿದ ಉತ್ತರ ಅದು.

"ಚಮಚ ಉಜ್ಜಿ ಸಾಕಾಯ್ತು," ಎಂದು ಅಕ್ಕ ಎದ್ದಳು. "ಒಲೆ ಹಚ್ಚೋದಿಲ್ಲ ಇವತ್ತು. ಇಬ್ರೂ ಎದುರು ಹೋಟೆಲಿಗೆ ಹೋಗಿ. ಅಲ್ಲಿ ಜಗಳ ಆಡಿ, ತಟ್ಟೆ ಒಡೆದ್ರೆ ಅವರ್ದು."

ಎದುರು ಹೋಟೆಲು! ಬಾಣಸಿಗ ಹದಿನಾರು ವರ್ಷದಿಂದ ಹಲ್ಲು ಕಡಿದುಕೊಂಡು ನೋಡುತ್ತಿದ್ದ ಹೋಟೆಲು. ಇಬ್ಬರೂ ಬೀದಿ ದಾಟಿದರು. ಅಲ್ಲಿಯ ಅಡುಗೆಯವನು ಬಾಗಿಲ ಸಂದಿಯಿಂದ ಇಣುಕಿ, ಬಂದವನು ಯಾರೆಂದು ಕಂಡು ಹೌಹಾರಿ ಒಳಗೆ ಸರಿದದ್ದು ಕಾಣಿಸಿತು.

ಕುರ್ಚಿಯಲ್ಲಿ ಕೂತ ಬಾಣಸಿಗ ಎರಡು ಕೈಯನ್ನೂ ಆರಾಮಾಗಿ ಮೇಜಿನ ಮೇಲಿಟ್ಟ.

"ಮೊದಲ ದಿನ ಮೂರು ಹೋಟೆಲಿಗೆ ಹೋಗಿ ಮೂರರಿಂದಲೂ ಎದ್ದು ಬಂದೆ," ಎಂದು ತಾನಾಗಿಯೇ ಶುರುಮಾಡಿದ. "ಬೆಂಚಿನ ಮೇಲೆ ಕೂತು ಬ್ರೆಡ್ ತಿಂದೆ. ಎರಡನೇ ದಿನ, ಜೊತೆಗೆ ಯಾರಾದ್ರೂ ಬರ್ತಾರಾ ಅಂತ ಸರ್ವರು ಕೇಳ್ದ. ನಾಚಿಕೆಯಾಗಿ ಬರ್ತಾರೆ ಅಂದ್ಬಿಟ್ಟೆ. ಬರದೇ ಇರೋರನ್ನ ಕಾಯ್ತಾ ಮುಕ್ಕಾಲು ಗಂಟೆ ಹಸಿದು ಕೂತಿದ್ದೆ, ದಡ್ಡನ ಹಾಗೆ. ಮೂರನೇ ದಿನ ಹೇಳ್ದೆ, ಯಾರೂ ಬರಲ್ಲ ಕಣಪ್ಪಾ, ನಾನೇ ಬಂದಿರೋದು, ತಗೊಂಡು ಬಾ ಅಂತ. ಸೂಪು ಬಂತು..."

"ಹೇಗಿತ್ತು?"

"ಉಪ್ಪು ಕಮ್ಮಿ ಇತ್ತು. ಪೂರ್ತಿ ಕುಡಿದೆ. ಹೊರಗೆ ಜನ ಓಡಾಡ್ತಿದ್ರು. ಯಾರಿಗೂ ನಾನು ಯಾರೂ ಅಲ್ಲ. ಎಷ್ಟು ಹಗುರ ಆಯ್ತು ಗೊತ್ತಾ..." ಅವನು ಅವಳನ್ನು ನೇರವಾಗಿ ನೋಡಿದ. "ಆ ಹೊತ್ತಲ್ಲಿ ಯಾರಾದ್ರೂ ಬಂದು, ನಿಮ್ಮಕ್ಕ ಫೋನ್ ಮಾಡಿದ್ರು ಸರ್, ಅಂದಿದ್ರೆ ಬಟ್ಟಲು ಎತ್ತಿ ಎಸೀತಿದ್ದೆ. ಆಗ ಗೊತ್ತಾಯ್ತು, ನಾನು ನಿಮ್ಮಿಂದ ಏನು ಕಿತ್ಕೊಂಡೆ ಅಂತ. ತಪ್ಪಾಯ್ತು."

ಅವಳು ನೀರಿನ ಲೋಟವನ್ನು ಅವನ ಕಡೆಗೆ ಸರಿಸಿದಳು.

"ನಾನು ನಿಮ್ಮನ್ನ ಬಿಟ್ಟುಬಿಡೋಕೆ ಅಂತಲೇ ಬಂದಿದ್ದೆ," ಎಂದಳು ಆಮೇಲೆ.

ಅವನ ಮುಖದ ಕೆಂಪು ಇಳಿಯಿತು.

"ಐದೂವರೆಗೆ ನಾನೇ ಸೇತುವೆ ಊರಿಗೆ ಫೋನ್ ಒತ್ತೋಕೆ ಹೋದೆ. ನಿಮ್ಮನ್ನ ಹುಡುಕಿಸೋಕೆ. ಅರ್ಧ ನಂಬರಿಗೆ ನಿಂತೆ."

"ನೀವಾ!"

"ನಾನೇ. ನಗಬೇಡಿ."

ಅವನು ನಗಲಿಲ್ಲ. ಅವನ ಕಣ್ಣು ತುಂಬಿತ್ತು.

"ತಿರುಗಿ ಬಂದ್ಮೇಲೆ ಹೇಳ್ತೀನಿ ಅಂದಿದ್ರಲ್ಲ, ಹೇಳಿ ಈಗ," ಎಂದಳು ಅವಳು.

"ಆವತ್ತು, ನಾನೂ ಬರ್ಲಾ ಅಂತ ಕೇಳಬೇಕು ಅಂತಿದ್ದೆ. ಈಗ ಅದನ್ನ ಕೇಳಲ್ಲ. ಮದುವೆ ಆಗೋಣ್ವಾ ಅಂತ ಕೇಳ್ತೀನಿ."

"ಆದ್ಮೇಲೂ ನಾನು ಹೋಗ್ತೀನಿ. ಒಬ್ಬಳೇ. ಬೆಟ್ಟದ ಕೆರೆ ಇನ್ನೂ ನೋಡಿಲ್ಲ, ಮುಂದಿನ ತಿಂಗಳೇ ಹೊರಡ್ತೀನಿ."

"ಹೋಗಿ. ನಾನೂ ಹೋಗ್ತೀನಿ ಒಂದೊಂದ್ಸಲ. ಒಂದೊಂದ್ಸಲ ಇಬ್ರೂ ಹೋಗೋಣ, ನೀವು ಕರೆದ್ರೆ."

"ಭಯ ಆದ್ರೆ?"

"ಆಗೇ ಆಗುತ್ತೆ. ಆದಾಗ ಈರುಳ್ಳಿ ಹೆಚ್ತೀನಿ."

"ಹನ್ನೆರಡು ದಿನ ಹೋದ್ರೆ?"

"ಮೂಟೆ ತರಿಸ್ತೀನಿ."

ಅವಳು ಮೇಜಿನ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು. ಕತ್ತರಿ ಹಿಡಿದು ಗಟ್ಟಿಯಾದ ಕೈ, ಸೌಟು ಹಿಡಿದು ಗಟ್ಟಿಯಾದ ಕೈ.

"ಅಷ್ಟು ಈರುಳ್ಳಿ ಹೆಚ್ಚಿದ್ರೆ ಕಣ್ಣಲ್ಲಿ ನೀರು ಬರುತ್ತಲ್ಲೋ, ಹುಚ್ಚಾ."

"ಬರಲಿ ಬಿಡು. ಯಾರಾದ್ರೂ ಕೇಳಿದ್ರೆ ಈರುಳ್ಳಿದು ಅಂತೀನಿ."

"ನಾನು ಬಂದು ಕೇಳಿದ್ರೆ?"

"ನೀನು ಕೇಳಿದ್ರೆ ನಿಜ ಹೇಳ್ತೀನಿ." ಅವನು ಅವಳ ಬೆರಳುಗಳನ್ನು ಮೆಲ್ಲಗೆ ಹಿಡಿದುಕೊಂಡ. "ಬೇಗ ಬಾ ಅನ್ನಲ್ಲ. ಬಾ... ಅಷ್ಟೇ."

"ಬರ್ತೀನಿ," ಎಂದಳು ಅವಳು.